ಬಾಣವಿಲ್ಲದ ಆರು ಕಲ್ಲುಗಳು

೧೩ ಜನವರಿ ೧೯೭೪, ಭಾನುವಾರ
ಚಿತ್ರದುರ್ಗ

ಹೊಸದುರ್ಗದ ಗೊಬ್ಬರದ ಅಂಗಡಿಯವರು ಅಪ್ಪನಿಗೆ ಕೊಟ್ಟ ಡೈರಿ ಇದು. ಅಪ್ಪನಿಗೆ ಬೇಡವಾಗಿತ್ತು, ಅವ್ವ ನನ್ನ ಚೀಲಕ್ಕೆ ತುರುಕಿದಳು. ಪುಟಪುಟಕ್ಕೂ ಯೂರಿಯಾ ಮೂಟೆಯ ಚಿತ್ರ. ಹನ್ನೆರಡು ದಿನ ಖಾಲಿ ಬಿಟ್ಟು ಇವತ್ತು ಶುರು ಮಾಡುತ್ತಿದ್ದೇನೆ. ಬರೆಯುವಂಥದ್ದು ಈಗಷ್ಟೇ ಸಿಕ್ಕಿದೆ.

ಗೋವಾದ ಸಮುದ್ರವಿಜ್ಞಾನ ಸಂಸ್ಥೆಯ ಜಾಹೀರಾತು ಬಂದಿದೆ. ಭೂವಿಜ್ಞಾನದಲ್ಲಿ ಎಂ.ಎಸ್ಸಿ. ಆದವರಿಗೆ ಸಂಶೋಧನಾ ಫೆಲೋಶಿಪ್, ಒಂದೇ ಜಾಗ. ಹಡಗಿನಲ್ಲಿ ಹೋಗಿ ಸಮುದ್ರದ ತಳದ ಕೆಸರನ್ನೂ ಕಲ್ಲನ್ನೂ ಮೇಲೆತ್ತಿ ತಂದು ಪರೀಕ್ಷೆ ಮಾಡುವ ಕೆಲಸ. ಮೂರು ನಾಲ್ಕು ವರ್ಷ ದುಡಿದರೆ ಪಿಎಚ್.ಡಿ. ನಮ್ಮ ಕಡೆ ಭೂವಿಜ್ಞಾನ ಓದಿದವನಿಗೆ ಇರುವುದು ಎರಡೇ ದಾರಿ, ತಾಮ್ರದ ಗಣಿ ಅಥವಾ ಚಾಕ್‌ಪೀಸು. ನಾನು ಕಾಲೇಜಿನಲ್ಲಿ ಡೆಮಾನ್‌ಸ್ಟ್ರೇಟರ್ ಆಗಿ ಎರಡು ವರ್ಷದಿಂದ ಚಾಕ್‌ಪೀಸಿನ ಧೂಳು ಕುಡಿಯುತ್ತಿದ್ದೇನೆ. ಸಮುದ್ರವನ್ನು ಇನ್ನೂ ಕಣ್ಣಾರೆ ಕಂಡಿಲ್ಲ. ನಮ್ಮೂರು ಮಾಡದಕೆರೆಯ ಕೆರೆ ಕೋಡಿ ಬಿದ್ದದ್ದನ್ನೇ ಬಾಯಿ ಬಿಟ್ಟು ನೋಡಿದವನು.

ಅರ್ಜಿಯ ಜೊತೆ ವಿಭಾಗದ ಮುಖ್ಯಸ್ಥರ ಶಿಫಾರಸು ಪತ್ರ ಇದ್ದವರಿಗೆ ಆದ್ಯತೆ. ನಮ್ಮ ಮುಖ್ಯಸ್ಥರು ಪ್ರೊಫೆಸರ್ ಮುರುಗೇಶಪ್ಪನವರು. ಅವರು ಬರೆಯುವುದು ಒಬ್ಬರಿಗೆ ಮಾತ್ರ. ಉಮೇದುವಾರರು ಇಬ್ಬರು: ನಾನು ಮತ್ತು ಇನ್ನೊಬ್ಬ ಡೆಮಾನ್‌ಸ್ಟ್ರೇಟರ್ ದಾಕ್ಷಾಯಣಿ. ರಾಮಗಿರಿಯಿಂದ ದಿನಾ ಬಂದು ಹೋಗುತ್ತಾಳೆ, ಹಾಗಾಗಿ ನಾನು ರಾಮಗಿರಿ ಮೇಡಂ ಎನ್ನುತ್ತೇನೆ, ಬೆನ್ನ ಹಿಂದೆ. ಸೀರೆ ಉಟ್ಟು, ತಲೆಗೆ ಟವೆಲು ಕಟ್ಟಿ ಗುಡ್ಡ ಹತ್ತುವವಳು ಈ ಜಿಲ್ಲೆಗೆ ಅವಳೊಬ್ಬಳೇ ಇರಬೇಕು. ಹಡಗು ಹತ್ತುತ್ತಾಳಂತೆ!

ಮರಡಿಹಳ್ಳಿ ದಿಬ್ಬದ ಸರ್ವೆ ಯಾರು ಚೆನ್ನಾಗಿ ಮಾಡುತ್ತಾರೋ ಅವರಿಗೆ ಪತ್ರ ಎಂದು ಪ್ರೊಫೆಸರ್ ಹೇಳಿದ್ದಾರೆ.

೨೦ ಜನವರಿ, ಭಾನುವಾರ

ಮೈಕೈ ನೋವು. ಆದರೂ ಬರೆದಿಟ್ಟೇ ಮಲಗುತ್ತೇನೆ, ಇಲ್ಲದಿದ್ದರೆ ಮನಸ್ಸಿಗೆ ಸಮಾಧಾನ ಇರುವುದಿಲ್ಲ.

ಮರಡಿಹಳ್ಳಿಯ ಕಲ್ಲು ಒಂದಾನೊಂದು ಕಾಲಕ್ಕೆ ಸಮುದ್ರದ ತಳದಲ್ಲಿ ಉಕ್ಕಿದ ಲಾವಾ. ನೀರು ತಾಕಿದ ಕೂಡಲೇ ಹೆಪ್ಪುಗಟ್ಟಿ ದಿಂಬುಗಳನ್ನು ಒಟ್ಟಿದ ಹಾಗೆ ನಿಂತಿದೆ. ಲಾವಾದ ಒಳಗಿನ ಗಾಳಿಗುಳ್ಳೆಗಳು ಮೇಲಕ್ಕೇರಿ ಅಲ್ಲೇ ಉಳಿದುಬಿಡುತ್ತವೆ. ಗುಳ್ಳೆ ಎಲ್ಲಿದೆಯೋ ಅದು ಆ ಕಾಲದ ಮೇಲ್ಭಾಗ. ಕಲ್ಲಿನ ಯಾವ ಬದಿ ಈಗ ಆಕಾಶಕ್ಕೆ ಮುಖ ಮಾಡಿದೆ ಎಂಬುದಕ್ಕೆ ಒಡೆಯುವ ಮುಂಚೆ ಬಣ್ಣದಲ್ಲಿ ಬಾಣ ಬರೆಯಬೇಕು. ಬಾಣವೂ ಗುಳ್ಳೆಯೂ ಒಂದೇ ಕಡೆ ಇದ್ದರೆ ನೆಲ ಇದ್ದ ಹಾಗೇ ಇದೆ. ಎದುರು ಬದುರಾದರೆ ನೆಲ ಪೂರ್ತಿ ಮಗುಚಿಕೊಂಡಿದೆ ಎಂದು ಅರ್ಥ. ಮೊದಲನೇ ವರ್ಷದ ವಿದ್ಯಾರ್ಥಿಗಳಿಗೆ ಇದನ್ನು ನಾನೇ ಹೇಳಿಕೊಡುತ್ತೇನೆ.

ದಿಬ್ಬದ ಪಡುವಲು ನನ್ನದು, ಮೂಡಲು ರಾಮಗಿರಿ ಮೇಡಂದು. ನಡುವಿನ ಪಟ್ಟಿ ಇಬ್ಬರದೂ: ಅವಳು ಬಂಡೆಯನ್ನು ಕಣ್ಣಲ್ಲೇ ನೋಡಿ ಬರೆದುಕೊಳ್ಳಬೇಕು, ನಾನು ಅಲ್ಲಿಂದ ಆರು ಕಲ್ಲು ಒಡೆದು ತರಬೇಕು, ಆಮೇಲೆ ತಾಳೆ ನೋಡುವುದು. ಅವಳು ತನ್ನ ಪಾಲು ಮುಗಿಸಿ ಮಧ್ಯಾಹ್ನವೇ ಹೊರಟಿದ್ದಳು. ನಾನು ಸಾಯಂಕಾಲದವರೆಗೆ ಪಡುವಲಲ್ಲೇ ಉಳಿದೆ. ನಡುವಿನ ಪಟ್ಟಿಗೆ ಬರುವ ಹೊತ್ತಿಗೆ ದೂರದ ರಸ್ತೆಯಲ್ಲಿ ಹಿರಿಯೂರಿನ ಬಸ್ಸು ಹಾರನ್ ಹೊಡೆಯಿತು. ಅದು ತಪ್ಪಿದರೆ ಗತಿಯಿಲ್ಲ. ಸುಲಭಕ್ಕೆ ಸಿಕ್ಕಿದ ಅಂಚುಗಳಿಂದ ಟಣ್ ಟಣ್ ಎಂದು ಆರು ಚೂರು ಒಡೆದು ಚೀಲಕ್ಕೆ ಹಾಕಿಕೊಂಡು ಓಡಿದೆ.

ಬಾಣ ಹಾಕಿರಲಿಲ್ಲ.

ರೂಮಿಗೆ ಬಂದು ಚೀಲ ಸುರಿದಾಗಲೇ ಅದು ಗೊತ್ತಾಯಿತು. ಕಣ್ಣು ಮುಚ್ಚಿ ನೆನಪು ಮಾಡಿಕೊಂಡೆ. ಪ್ರತಿ ಚೂರಿಗೂ ಒಂದು ಬದಿ ಗಾಳಿ ಮಳೆಗೆ ಮಾಸಲಾಗಿತ್ತು. ಆ ಬದಿಯೇ ಮೇಲಿದ್ದಿರಬೇಕು ಎಂದು ಆರಕ್ಕೂ ಬಾಣ ಬರೆದೆ. ಇರಲೇಬೇಕು. ನೂರಾರು ಬಂಡೆ ನೋಡಿದ ಕಣ್ಣು ನನ್ನದು, ಅಷ್ಟೂ ಗೊತ್ತಾಗುವುದಿಲ್ಲವೇ? ಮತ್ತೆ ಹೋಗಿ ಬರಬಹುದಿತ್ತು. ಬಸ್ಸಿನ ಧೂಳು, ಬಿಸಿಲು ನೆನೆದು ಬೇಡ ಎನಿಸಿತು.

೨೯ ಜನವರಿ, ಮಂಗಳವಾರ

ಪ್ರೊಫೆಸರ್ ಲ್ಯಾಬಿನಲ್ಲಿ ಕುಣಿಯುವುದೊಂದು ಬಾಕಿ! ಆರು ಕಲ್ಲನ್ನೂ ಗರಗಸದಲ್ಲಿ ಕೊಯ್ದು ನೋಡಿದರೆ ಆರರಲ್ಲೂ ಗುಳ್ಳೆಗಳು ಬಾಣದ ವಿರುದ್ಧ ದಿಕ್ಕಿನಲ್ಲಿವೆ. ನಡುವಿನ ಪಟ್ಟಿ ಪೂರ್ತಿ ತಲೆಕೆಳಗಾಗಿದೆ ಎಂದು ಅರ್ಥ. ಇದನ್ನು ಈವರೆಗೆ ಯಾರೂ ಹೇಳಿಲ್ಲವಂತೆ.

"ಏನಪ್ಪ ಚಿತ್ರಲಿಂಗ, ಸಮುದ್ರನೇ ಮಗುಚಿ ಹಾಕ್ಬಿಟ್ಯಲ್ಲೋ!" ಎಂದು ಬೆನ್ನು ತಟ್ಟಿದರು.

ನಾನು ನಕ್ಕೆ. ಒಂದು ಕಲ್ಲು ಹಾಗೆ ಬಂದಿದ್ದರೆ ಅನುಮಾನ ಪಡಬಹುದಿತ್ತು. ಆರಕ್ಕೆ ಆರೂ ಒಂದೇ ಮಾತು ಹೇಳುವಾಗ ನಾನು ಯಾರು ಇಲ್ಲ ಎನ್ನುವುದಕ್ಕೆ? ಬಾಣ ಸರಿಯಾಗಿಯೇ ಹಾಕಿದ್ದೇನೆ. ಹೌದು, ಸರಿಯಾಗಿಯೇ.

೩೦ ಜನವರಿ

ಊಟ ಸೇರಲಿಲ್ಲ. ಸೆಕೆ ಇರಬೇಕು.

೯ ಫೆಬ್ರವರಿ, ಶನಿವಾರ

ಇವತ್ತಿನ ವಿಷಯ ಬರೆಯಲು ಮನಸ್ಸಿಲ್ಲ. ಬರೆಯದೆ ಕೂತರೂ ಅದೇ ತಲೆಯಲ್ಲಿ ಓಡುತ್ತಿದೆ.

ಪ್ರೊಫೆಸರ್ ಕೋಣೆಯಲ್ಲಿ ಇಬ್ಬರ ಕೆಲಸವನ್ನೂ ತಾಳೆ ನೋಡಿದರು. ದಾಕ್ಷಾಯಣಿಯ ಪುಸ್ತಕದಲ್ಲಿ ನಡುವಿನ ಪಟ್ಟಿಯ ಇಪ್ಪತ್ತಮೂರು ದಿಂಬುಗಳ ಟಿಪ್ಪಣಿ ಇದೆ. ಚಿಕ್ಕ ಚಿಕ್ಕ ಚಿತ್ರ ಬೇರೆ ಬರೆದಿದ್ದಾಳೆ. ಎಲ್ಲದರಲ್ಲೂ ನೆಲ ಸರಿಯಾಗಿ, ಮೇಲ್ಮುಖವಾಗಿಯೇ ಇದೆ. ನನ್ನ ಆರು ಕಲ್ಲು ಬೇರೆ ಹೇಳುತ್ತವೆ.

"ಕಣ್ಣು ತಪ್ಪಬಹುದಮ್ಮ, ಕೊಯ್ದ ಕಲ್ಲು ತಪ್ಪಲ್ಲ," ಎಂದರು ಪ್ರೊಫೆಸರ್. "ಬಿಸಿಲಾಗೆ ತಲೆ ಸುತ್ತಿರ್ತೈತೆ. ನಿನ್ನ ತಪ್ಪಲ್ಲ ಬಿಡು. ಈ ಕೆಲಸವೇ ಹೆಣ್ಮಕ್ಳಿಗೆ ಆಗ್ಬರಲ್ಲ. ನಾಳೆ ಹಡಗಿನ ಮೇಲೆ ಏನು ಮಾಡ್ತಿ?"

ಅವಳು ತನ್ನ ಚಿತ್ರಗಳನ್ನೂ ಕೊಯ್ದ ಕಲ್ಲುಗಳನ್ನೂ ಒಂದೊಂದಾಗಿ ನೋಡಿದಳು. ಆಮೇಲೆ ನನ್ನ ಕಡೆ ತಿರುಗಿ, "ಬಾಣ ಎಲ್ಲ ನೀವೇ ಹಾಕಿದ್ದಾ ಚಿತ್ರಲಿಂಗಪ್ಪನೋರೇ?" ಎಂದಳು.

"ನಾನೇ," ಎಂದೆ.

ಅದರಲ್ಲಿ ಸುಳ್ಳೇನಿದೆ? ನಾನೇ ಹಾಕಿದ್ದು. ಎಲ್ಲಿ ಕೂತು ಹಾಕಿದೆ ಎಂದು ಅವಳು ಕೇಳಲಿಲ್ಲ, ನಾನು ಹೇಳಲಿಲ್ಲ. ಅವಳು ಪುಸ್ತಕ ಮುಚ್ಚಿ ಎದ್ದು ಹೋದಳು. ಜಗಳ ಆಡಿದ್ದರೆ ಚೆನ್ನಾಗಿತ್ತು.

೧೪ ಫೆಬ್ರವರಿ, ಗುರುವಾರ

ಶಿಫಾರಸು ಪತ್ರ ನನಗೇ. "ನಿಖರತೆ, ಪ್ರಾಮಾಣಿಕತೆ" ಎಂದು ಟೈಪ್ ಮಾಡಿಸಿದ್ದಾರೆ. ಓದುವಾಗ ಕಿವಿ ಬಿಸಿಯಾಯಿತು. ಪತ್ರ ಇಲ್ಲದೆಯೇ ದಾಕ್ಷಾಯಣಿ ಕೂಡ ಅರ್ಜಿ ಹಾಕಿದ್ದಾಳಂತೆ. ಛಲ ಇದೆ.

೨೪ ಫೆಬ್ರವರಿ, ಭಾನುವಾರ

ಒಂದು ವಾರದಿಂದ ಯೋಚನೆ ಮಾಡಿ ಮಾಡಿ ತಲೆ ಕೆಟ್ಟಿತ್ತು. ಬೆಳಗಿನ ಮೊದಲ ಬಸ್ಸಿಗೆ ಆರು ಕಲ್ಲನ್ನೂ ಹೊತ್ತು ಮರಡಿಹಳ್ಳಿಗೆ ಹೋದೆ. ಕೊಯ್ದ ಹೋಳುಗಳನ್ನು ರಬ್ಬರ್ ಬ್ಯಾಂಡ್ ಹಾಕಿ ಜೋಡಿಸಿಕೊಂಡಿದ್ದೆ. ಒಡೆದ ಜಾಗದಲ್ಲಿ ಗಾಯ ಇನ್ನೂ ಹೊಸದಾಗಿಯೇ ಇರುತ್ತದೆ. ಚೂರನ್ನು ಅದರ ಗಾಯಕ್ಕೆ ಇಟ್ಟರೆ ಕೂತುಕೊಳ್ಳಲೇಬೇಕು. ಆಗ ಬಾಣ ಯಾವ ಕಡೆ ಇದೆ ಎಂದು ನೋಡಿದರಾಯಿತು. ಸರಿಯಾಗಿದ್ದರೆ ಅಲ್ಲಿಗೆ ಈ ಕಾಟ ಮುಗಿಯುತ್ತದೆ ಎಂದುಕೊಂಡಿದ್ದೆ.

ಆಡು ಮೇಯಿಸುವ ಬೋರಕ್ಕ ಬಂಡೆಯ ನೆರಳಲ್ಲಿ ಕೂತಿದ್ದಳು. ನಾನು ಒಂದೊಂದೇ ಕಲ್ಲು ತೆಗೆದು ಬಂಡೆಗೆ ಒತ್ತಿ ಹಿಡಿಯುವುದನ್ನು ನೋಡಿ ಅವಳಿಗೆ ತಡೆಯಲಾಗಲಿಲ್ಲ.

"ಅಲ್ಲ ಮೇಷ್ಟ್ರೇ, ಅವತ್ತು ಬಂದು ಕಿತ್ಕಂಡು ಓಡಿದ್ರಿ. ಈಗೇನು ಅಂಟ್ಸಾಕೆ ಬಂದ್ರಾ?"

"ಹ್ಞೂ ಕಣಜ್ಜಿ. ಎಲ್ಲಿಂದ ಕಿತ್ತೆ ಅಂತ ನೋಡಬೇಕಿತ್ತು."

"ಮ್ಯಾಲೆ ಯಾಕೆ ಹುಡುಕ್ತೀರಾ? ನೀವು ಹೊಡೆದಿದ್ದು ಕೆಳಗಡೆ ಚಾಚಿರೋ ತುಟಿಗೆ. ಬಗ್ಗಿ ನೋಡ್ರಿ. ಬಗ್ಗಿ ಹೊಡೀತಿದ್ರಿ, ನನ್ನ ಮರಿ ಹೆದರ್ಕಂಡು ಓಡ್ತಲ್ಲ."

ಬಗ್ಗಿ ನೋಡಿದೆ. ಬಂಡೆಯ ಕೆಳಗಡೆ, ಮುಂದಕ್ಕೆ ಚಾಚಿದ ಅಂಚಿನ ಅಡಿಯಲ್ಲಿ ಆರು ಗಾಯಗಳಿದ್ದವು. ಒಂದೊಂದೇ ಚೂರನ್ನು ಇಟ್ಟೆ. ಮುಚ್ಚಳದಂತೆ ಕೂತವು. ಮಾಸಲು ಬದಿ, ನಾನು ಮೇಲ್ಭಾಗ ಎಂದುಕೊಂಡ ಬದಿ, ನೆಲದ ಕಡೆ ಮುಖ ಮಾಡಿತ್ತು. ಆರು ಬಾಣವೂ ನೆಲಕ್ಕೆ.

ನೆಲ ಮಗುಚಿಲ್ಲ. ದಾಕ್ಷಾಯಣಿ ಬರೆದ ಇಪ್ಪತ್ತಮೂರೂ ಸರಿ.

ಬೋರಕ್ಕ ತನ್ನ ತತ್ರಾಣಿಯ ನೀರು ಕೊಟ್ಟಳು. "ಬಿಸಿಲಾಗೆ ಮಖ ಸುಟ್ಟೈತೆ, ಕುಂತ್ಕಳ್ರಿ" ಎಂದಳು. ಬಿಸಿಲಿಗಲ್ಲ ಎಂದು ಅವಳಿಗೆ ಹೇಗೆ ಹೇಳಲಿ? ನಾಚಿಕೆಗೆ ಅಳು ಬರುವ ಹಾಗಿತ್ತು.

೨೫ ಫೆಬ್ರವರಿ

ಹೇಳಬೇಕಿತ್ತು. ಹೇಳಲಿಲ್ಲ.

೪ ಮಾರ್ಚ್, ಸೋಮವಾರ

ಇಬ್ಬರಿಗೂ ಗೋವಾದಿಂದ ಸಂದರ್ಶನದ ಕರೆ ಬಂದಿದೆ. ಇಪ್ಪತ್ತೊಂದನೇ ತಾರೀಕು, ಗುರುವಾರ. ಕ್ಷೇತ್ರಕಾರ್ಯದ ಪುಸ್ತಕ ತಪ್ಪದೆ ತರಬೇಕೆಂದು ಬರೆದಿದ್ದಾರೆ. ದಾಕ್ಷಾಯಣಿ ಹೋಗುವುದಿಲ್ಲವಂತೆ. ಹೊಸದುರ್ಗದ ಹೈಸ್ಕೂಲಿನಲ್ಲಿ ವಿಜ್ಞಾನದ ಮೇಡಂ ಕೆಲಸ ಖಾಲಿ ಇದೆ, ಅಲ್ಲಿಗೆ ಸೇರುತ್ತಾರಂತೆ.

ಲ್ಯಾಬಿಗೆ ಬಂದು, "ಹೋಗೋಕೆ ಮುಂಚೆ ನಂಗೊಂದು ಹೇಳಿಕೊಡ್ರಿ," ಎಂದರು. "ಆ ದಿಂಬುಗಳ್ನ ನಾನು ಎಲ್ಲಿ ತಪ್ಪು ನೋಡ್ದೆ? ಮಕ್ಳಿಗೆ ಪಾಠ ಮಾಡುವಾಗ ಮತ್ತೆ ಅದೇ ತಪ್ಪು ಆಗ್ಬಾರ್ದು."

ನಾಳೆ ಹೇಳುತ್ತೇನೆ ಎಂದು ತಪ್ಪಿಸಿಕೊಂಡೆ. ಎಂಥ ಮನುಷ್ಯ ನಾನು! ಸರಿಯಾಗಿ ನೋಡಿದವರಿಗೆ ತಪ್ಪು ಎಲ್ಲಾಯಿತು ಎಂದು ಕಲಿಸಬೇಕಂತೆ.

೧೧ ಮಾರ್ಚ್, ಸೋಮವಾರ

ಪ್ರೊಫೆಸರಿಗೆ ಹೇಳಿಬಿಟ್ಟೆ. ನಿಂತುಕೊಂಡೇ ಹೇಳಿದೆ, ಕೂತರೆ ಧೈರ್ಯ ಹೋಗುತ್ತಿತ್ತು.

"ಸಾರ್, ಆ ಆರು ಬಾಣ ನಾನು ರೂಮಿಗೆ ಬಂದ್ಮೇಲೆ ಹಾಕಿದ್ದು. ಊಹೆ ಮೇಲೆ. ಮತ್ತೆ ಹೋಗಿ ಕೂಡ್ಸಿ ನೋಡ್ದೆ. ಆರೂ ತಪ್ಪು."

ಅವರು ಕನ್ನಡಕ ತೆಗೆದು ಪಂಚೆಯ ಚುಂಗಿನಲ್ಲಿ ಒರೆಸಿಕೊಂಡರು.

"ಬಾಗ್ಲು ಹಾಕು," ಎಂದರು. "ಆ ಪಟ್ಟಿ ಮಗುಚೈತೆ ಅಂತ ಪ್ರಬಂಧ ಬರೆದು ಬೆಂಗಳೂರಿಗೆ ಕಳಿಸಿ ಹದಿನೈದು ದಿನ ಆತು. ಅದರಾಗೆ ನನ್ನ ಹೆಸರೈತೆ, ಕಾಲೇಜಿನ ಹೆಸರೈತೆ. ಈಗ ಬಂದು ಊಹೆ ಅಂತಿಯಲ್ಲಪ್ಪ!"

"ದಾಕ್ಷಾಯಣಿಯವರು ಬರ್ದಿದ್ದೇ ಸರಿ ಸಾರ್. ಪತ್ರ ಅವರಿಗೆ ಹೋಗ್ಬೇಕಿತ್ತು."

"ಅವಳಿಗೂ ಕರೆ ಬಂದೈತಲ್ಲ? ಹೋಗ್ಬ್ಯಾಡ ಅಂದೋರ್ಯಾರು? ನೋಡು, ನಿನ್ನ ಬಾಯಿಂದ ಈ ಮಾತು ನಾನು ಕೇಳಿಲ್ಲ. ಸುಮ್ನೆ ಗೋವಾಕ್ಕೆ ಹೋಗು. ವರ್ಷ ಕಳೆದ್ಮೇಲೆ ನಾನೇ ಮತ್ತೊಮ್ಮೆ ಸರ್ವೆ ಮಾಡಿ ತಿದ್ಕಂತೀನಿ."

ಹೊರಗೆ ಬಂದಾಗ ಒಂದು ಕ್ಷಣ ಹಗುರ ಎನಿಸಿದ್ದು ನಿಜ. ಹೇಳುವವರಿಗೆ ಹೇಳಿದ್ದಾಯಿತು, ಇನ್ನು ನನ್ನದೇನಿದೆ ಎಂದು ಕೈ ತೊಳೆದುಕೊಳ್ಳುವ ಆಸೆ. ಕಾರಿಡಾರಿನ ಕೊನೆಯಲ್ಲಿ ದಾಕ್ಷಾಯಣಿಯವರು ಹುಡುಗರಿಗೆ ಅಭ್ರಕದ ಪದರ ಬಿಡಿಸಿ ತೋರಿಸುತ್ತಿದ್ದರು. ಹೇಳಬೇಕಾದವರಿಗೆ ಇನ್ನೂ ಹೇಳಿಲ್ಲ.

೧೩ ಮಾರ್ಚ್, ಬುಧವಾರ

ಹೇಳಿದೆ. ಲ್ಯಾಬಿನಲ್ಲಿ, ಮಧ್ಯಾಹ್ನ, ಹುಡುಗರೆಲ್ಲ ಊಟಕ್ಕೆ ಹೋದಾಗ. ಬಸ್ಸಿನ ಹಾರನ್ನಿನಿಂದ ಹಿಡಿದು ಬೋರಕ್ಕನ ಮಾತಿನವರೆಗೆ ಒಂದನ್ನೂ ಬಿಡದೆ ಹೇಳಿದೆ. ಬೈಯುತ್ತಾರೆ ಎಂದುಕೊಂಡಿದ್ದೆ. ಬೈದ ಮೇಲೆ ಸಂತೋಷಪಡುತ್ತಾರೆ ಎಂದೂ ಒಳಗೊಳಗೇ ಆಸೆಯಿತ್ತು. ನಿಮ್ಮ ಪುಸ್ತಕವೇ ಸಾಕ್ಷಿ, ಅದನ್ನು ಗೋವಾಕ್ಕೆ ಒಯ್ಯಿರಿ ಎಂದೆ.

ಅವರು ಮೇಜಿನ ಖಾನೆಯಿಂದ ಪುಸ್ತಕ ತೆಗೆದು ನನ್ನ ಮುಂದೆ ಬಿಚ್ಚಿಟ್ಟರು. ನಡುವಿನ ಪಟ್ಟಿಯ ಪುಟಗಳಲ್ಲಿ ಕಾಗದ ಸವೆದು ತೆಳ್ಳಗಾಗಿತ್ತು. ಚಿತ್ರಗಳೆಲ್ಲ ಬೇರೆ. ಎಲ್ಲ ದಿಂಬುಗಳೂ ತಲೆಕೆಳಗು.

"ಇಪ್ಪತ್ಮೂರೂ ಅಳಿಸೀನಿ," ಎಂದರು. "ಫೆಬ್ರವರಿ ಒಂಬತ್ತನೇ ತಾರೀಕು ಸಾಯಂಕಾಲ, ರೈಲಾಗೆ ಕುಂತ್ಕಂಡು, ರಬ್ಬರ್ ಹಾಕಿ. ಫೀಲ್ಡ್ ಪುಸ್ತಕದಾಗೆ ಅಳಿಸ್ಬಾರ್ದು ಅಂತ ಗೊತ್ತಿಲ್ವಾ ನಂಗೆ? ಗೊತ್ತಿದ್ದೇ ಅಳಿಸ್ದೆ. ನನ್ನ ಕಣ್ಣೇ ತಪ್ಪು ಅಂದ್ಕಂಡೆ. ನೀವು ಬಾಣನ ಸುಳ್ಳು ಹಾಕ್ತೀರ ಅಂತ ನಂಗೆ ಹೊಳೀಲೇ ಇಲ್ಲ."

ನಾನು ಕೆಟ್ಟದ್ದು ಒಂದಾಯಿತು, ಅವರನ್ನೂ ಕೆಡಿಸಿದೆ. ಜೀವನದಲ್ಲಿ ಒಂದು ಗೆರೆ ಸುಳ್ಳು ಬರೆಯದವರ ಕೈಯಲ್ಲಿ ಇಪ್ಪತ್ತಮೂರು ಸುಳ್ಳು ಬರೆಸಿದೆ.

ಅವರು ಪುಸ್ತಕ ಎತ್ತಿಕೊಂಡು ಹೋದರು. ಮಧ್ಯಾಹ್ನದ ಕ್ಲಾಸು ನಾನೇ ತೆಗೆದುಕೊಂಡೆ. ಏನು ಪಾಠ ಮಾಡಿದೆನೋ ನೆನಪಿಲ್ಲ.

೧೬ ಮಾರ್ಚ್, ಶನಿವಾರ

ಮೂರು ದಿನದಿಂದ ಅವರು ಕಾಲೇಜಿಗೆ ಬಂದಿಲ್ಲ.

೧೭ ಮಾರ್ಚ್, ಭಾನುವಾರ

ರಾಮಗಿರಿಗೆ ಹೋಗಿ ಬಂದೆ. ಅವರ ತಂದೆ ಹನುಮಂತಪ್ಪ ಸ್ಟೇಷನ್ನಿನಲ್ಲಿ ಹಳಿ ಬದಲಿಸುವ ಪಾಯಿಂಟ್ಸ್‌ಮನ್. ಹಳಿಯ ಪಕ್ಕದಲ್ಲೇ ಕ್ವಾರ್ಟರ್ಸು. "ಬರ್ರಿ ಮೇಷ್ಟ್ರೇ, ಕುಂತ್ಕಳ್ರಿ" ಎಂದು ಮಂಚದ ಮೇಲೆ ಜಾಗ ಮಾಡಿದರು. ತಾಯಿ ವೀರಮ್ಮ ಮಂಡಕ್ಕಿ, ಮಜ್ಜಿಗೆ ತಂದಿಟ್ಟರು. ನನ್ನ ವಿಷಯ ಅವರಿಗೆ ಮಗಳು ಹೇಳಿಲ್ಲ. ಆ ಮಜ್ಜಿಗೆ ಕುಡಿಯುವುದು ಎಷ್ಟು ಕಷ್ಟವಾಯಿತು!

"ನೀವಾದ್ರೂ ಒಂದ್ಮಾತು ಹೇಳ್ರಿ," ಎಂದರು ಹನುಮಂತಪ್ಪ. "ಮಂಗಳವಾರ ಬೆಳಿಗ್ಗೆ ಹುಬ್ಬಳ್ಳಿ ಗಾಡಿಗೆ ಪಾಸು ತೆಗ್ಸೀನಿ. ಇವಳು ಒಲ್ಲೆ ಅಂತಾಳೆ. ಏನಾಗೈತೆ ಅಂದ್ರೆ ಬಾಯಿ ಬಿಡಲ್ಲ. ಹುಟ್ಟಿದಾಗಿನಿಂದ ರೈಲು ನೋಡೀಳೆ, ಒಂದ್ಸಲ ಕಡೇ ಸ್ಟೇಷನ್ನಿನ ತಂಕ ಹೋಗಿ ಬರ್ಲಿ ಅಂತ ನನ್ನಾಸೆ."

ದಾಕ್ಷಾಯಣಿಯವರು ಬಾಗಿಲ ಹತ್ತಿರ ನಿಂತಿದ್ದರು. ತಂದೆ ಸಿಗ್ನಲ್ಲಿಗೆ ಎದ್ದು ಹೋದ ಮೇಲೆ ನಾನು ಹೇಳಿದೆ, ನಡೆದದ್ದನ್ನೆಲ್ಲ ಕಾಗದದಲ್ಲಿ ಬರೆದು ಸಹಿ ಹಾಕಿ ಕೊಡುತ್ತೇನೆ ಎಂದು.

"ಈಗ ಬರ್ಕೊಟ್ರೆ ಏನು ಬಂತು?" ಎಂದರು. "ಗಂಡಸು ಹೆಣ್ಮಗಳಿಗೆ ಪಾಪ ಅಂತ ಬರ್ಕೊಟ್ಟ ಅಂತಾರೆ. ಇಲ್ಲಾ ಇನ್ನೇನೋ ಅಂತಾರೆ. ಬೋರ್ಡಿನೋರು ಮೊದಲು ಬಿಚ್ಚೋದೇ ಪುಸ್ತಕ. ಅಳಿಸಿದ್ದನ್ನ ನೋಡಿ ಹೊರಗೆ ಹಾಕ್ತಾರೆ, ಸರೀನೇ ಅದು. ಅವತ್ತಿಂದವತ್ತೇ ಬರ್ದಿದ್ದು ಏನಾದ್ರೂ ಐತಾ ನಿಮ್ಮ ಹತ್ರ? ಜನವರಿ ಇಪ್ಪತ್ತನೇ ತಾರೀಕಿಂದು? ನಾನು ಅಳಿಸೋ ಮುಂಚೆ ಏನು ಬರ್ದಿದ್ದೆ ಅನ್ನೋದು? ಇದ್ರೆ ಹೇಳ್ರಿ, ತಲೆ ಎತ್ಕಂಡು ಹೋಗ್ತೀನಿ."

"ಇಲ್ಲ," ಎಂದೆ.

ಯೋಚನೆ ಮಾಡುವ ಮುಂಚೆಯೇ ಬಾಯಿಂದ ಬಂದುಬಿಟ್ಟಿತು. ಈ ಡೈರಿ ನನ್ನ ಚೀಲದಲ್ಲೇ ಇತ್ತು.

೧೮ ಮಾರ್ಚ್, ಸೋಮವಾರ

ಮೊದಲ ಪುಟದಿಂದ ಓದಿದೆ. ಜನವರಿ ೨೦ ಇದೆ. ಫೆಬ್ರವರಿ ೯ ಇದೆ, ಅವರ ಇಪ್ಪತ್ತಮೂರು ಸರಿಯಾದ ಟಿಪ್ಪಣಿಗಳ ಮಾತು ಅದೇ ದಿನ ಬರೆದದ್ದು. ಅವರಿಗೆ ಬೇಕಾದ್ದೆಲ್ಲ ಇದೆ. ಅವರ ಸೀರೆ, ಟವೆಲಿನ ಮೇಲೆ ನಾನು ಆಡಿದ ಕೊಂಕೂ ಇದೆ. ಪ್ರೊಫೆಸರ್ ಬಾಗಿಲು ಹಾಕಿಸಿ ಹೇಳಿದ್ದೂ ಇದೆ. ಇದು ಹೊರಗೆ ಹೋದರೆ ಈ ಕಾಲೇಜಿನಲ್ಲಿ ನನಗೆ ಚಾಕ್‌ಪೀಸೂ ಸಿಗುವುದಿಲ್ಲ.

ಎರಡು ಹಾಳೆ ಮಾತ್ರ ಹರಿದು ಕೊಡೋಣ ಎಂದು ಬ್ಲೇಡು ತೆಗೆದೆ. ಕಿತ್ತ ಹಾಳೆಯನ್ನು ಯಾರು ನಂಬುತ್ತಾರೆ? ಅದರ ಹಿಂದಿನ ಪುಟ, ಮುಂದಿನ ಪುಟ ಇದ್ದರೇ ಅದು ಆ ದಿನದ್ದು ಎಂದು ತಿಳಿಯುವುದು. ಬ್ಲೇಡು ಒಳಗಿಟ್ಟೆ. ಅಂಚೆ ಕಚೇರಿಗೆ ಹೋಗಿ, ನಾನು ಸಂದರ್ಶನಕ್ಕೆ ಬರುವುದಿಲ್ಲ ಎಂದು ಗೋವಾಕ್ಕೆ ತಂತಿ ಕೊಟ್ಟು ಬಂದೆ.

೧೯ ಮಾರ್ಚ್, ಮಂಗಳವಾರ
ರಾಮಗಿರಿ ಸ್ಟೇಷನ್, ಬೆಳಿಗ್ಗೆ

ದಾಕ್ಷಾಯಣಿಯವರೇ,

ಇದೆ ನನ್ನ ಹತ್ತಿರ. ಮೊನ್ನೆ ಇಲ್ಲ ಎಂದದ್ದು ಸುಳ್ಳು. ಆ ಸುಳ್ಳನ್ನೂ ಅದೇ ದಿನ ಬರೆದಿದ್ದೇನೆ, ಓದಿ.

ಜನವರಿ ೨೦ ಮತ್ತು ಫೆಬ್ರವರಿ ೯ರ ಪುಟಗಳನ್ನು ಬೋರ್ಡಿನವರಿಗೆ ತೋರಿಸಿ. ಕನ್ನಡ ಬಾರದವರಿದ್ದರೆ ನೀವೇ ಓದಿ ಹೇಳಿ. ಉಳಿದದ್ದನ್ನು ತೋರಿಸುವುದು, ಬಿಡುವುದು ನಿಮ್ಮ ಇಷ್ಟ. ನಿಮ್ಮ ಬಗ್ಗೆ ಹಗುರವಾಗಿ ಬರೆದದ್ದನ್ನು ಹರಿದು ಹಾಕಲಿಲ್ಲ. ಓದಿದರೆ ನಿಮಗೆ ನೋವಾಗುತ್ತದೆ. ಕ್ಷಮಿಸಿ ಎಂದು ಕೇಳುವ ಮುಖ ನನಗಿಲ್ಲ.

ಗಾಡಿಗೆ ಇನ್ನು ಮುಕ್ಕಾಲು ಗಂಟೆ ಇದೆ. ನಿಮ್ಮ ತಂದೆ ಬಾವುಟ ಕಂಕುಳಲ್ಲಿಟ್ಟುಕೊಂಡು ಹಳಿಯ ಗುಂಟ ನಡೆಯುತ್ತಿದ್ದಾರೆ. ನಿಮ್ಮ ಮನೆಯ ಜಗುಲಿಯ ಮೇಲೆ ಟ್ರಂಕು ಕಾಣುತ್ತಿಲ್ಲ. ತಲೆ ಬಾಚಿಕೊಂಡು ಸೀರೆ ಮಡಿಸಿಕೊಳ್ಳುವುದಕ್ಕೆ ಮುಕ್ಕಾಲು ಗಂಟೆ ಸಾಕಾಗುತ್ತದೆಯೇ? ನನಗೆ ಗೊತ್ತಿಲ್ಲ. ನಾನು ಈ ಬೆಂಚಿನ ಮೇಲೆ ಕೂತೇ ಅರ್ಧ ಗಂಟೆ ಕಳೆದಿದ್ದೇನೆ, ಇದನ್ನು ಕೊಡಲು ಬಂದವನು ಬರೆಯುತ್ತ ಕೂತಿದ್ದೇನೆ. ಇನ್ನೂ ಬರೆದರೆ ಗಾಡಿ ಹೋಗಿಬಿಡುತ್ತದೆ, ಆಮೇಲೆ ಕೊಡದೇ ಇರುವುದಕ್ಕೆ ಒಳ್ಳೆಯ ಕಾರಣವೂ ಸಿಗುತ್ತದೆ.

ಎದ್ದೆ.